ಕೆಲಸ ನೋಡಿ ಕೆಲಸ ಕೊಡೋಣ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಗೇಟು ಕಾಯುವ ಯುವಕ ಅದೇ ಕಂಪನಿಯ ಒಳಗೆ ಕಂಪ್ಯೂಟರ್ ಮುಂದೆ ಕೂತು ದುಡಿಯಬಲ್ಲನೇ? ದುಡಿಯಬಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಇಂಜಿನಿಯರಿಂಗ್ ಪದವಿಯ ಬಲದಿಂದಲೇ ಸರ್ಕಾರಿ ನೌಕರಿ ಮಾಡಿ ನಿವೃತ್ತನಾದವನು ಹೀಗೆ ಹೇಳುವುದು ಕೆಲವರಿಗೆ ವಿಚಿತ್ರವೆನಿಸಬಹುದು.

ಇದು ಹೊಸ ಮಾತಲ್ಲ. ನಮ್ಮ ಕಾಲದಲ್ಲಿ ಎ.ಎಂ.ಐ.ಇ. ಪರೀಕ್ಷೆಯಿತ್ತು. 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಸಂಸ್ಥೆ ಅದನ್ನು ನಡೆಸುತ್ತಿತ್ತು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವರು ಹಗಲು ಸೈಟಿನಲ್ಲಿ ದುಡಿದು, ರಾತ್ರಿ ಓದಿ, ಅದರ ಎರಡೂ ವಿಭಾಗಗಳಲ್ಲಿ ತೇರ್ಗಡೆಯಾದರೆ ಸರ್ಕಾರ ಅದನ್ನು ಪದವಿಗೆ ಸಮಾನವೆಂದು ಒಪ್ಪುತ್ತಿತ್ತು. ಅಂಥ ಸಹೋದ್ಯೋಗಿಗಳು ನನಗಿದ್ದರು. ಅಳತೆ ಪುಸ್ತಕ ಬರೆಯುವುದರಲ್ಲಿ, ಕಾಂಕ್ರೀಟಿನ ಗುಣಮಟ್ಟ ಗುರುತಿಸುವುದರಲ್ಲಿ ಅವರು ಕಾಲೇಜಿನಿಂದ ನೇರ ಬಂದ ನಮಗಿಂತ ಒಂದು ಕೈ ಮೇಲೆಯೇ ಇದ್ದರು. 2013ರ ಮೇ ತಿಂಗಳ ನಂತರ ಹೆಸರು ನೋಂದಾಯಿಸಿದವರಿಗೆ ಆ ಮಾನ್ಯತೆ ಸಿಗಲಿಲ್ಲ. ದುಡಿಯುವವನಿಗಿದ್ದ ಒಂದು ಬಾಗಿಲು ಮುಚ್ಚಿತು.

ಕಂಪ್ಯೂಟರ್ ಕ್ಷೇತ್ರದಲ್ಲಿ ಬೇರೆ ಬಾಗಿಲುಗಳಿವೆ. ತಮಿಳುನಾಡಿನ ಜೋಹೊ ಕಂಪನಿ ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಶುಲ್ಕವಿಲ್ಲದೆ, ತಿಂಗಳ ಭತ್ಯೆಯನ್ನೂ ಕೊಟ್ಟು ಕಲಿಸುವ ಶಾಲೆ ನಡೆಸುತ್ತಿದೆ. ಸಿಸ್ಕೊ ಸಂಸ್ಥೆಯ ಸಿಸಿಎನ್‌ಎ ಪರೀಕ್ಷೆ ಬರೆಯಲು ಪದವಿ ಬೇಕಿಲ್ಲ. ರೆಡ್‌ಹ್ಯಾಟ್‌ನ ಲಿನಕ್ಸ್ ಪರೀಕ್ಷೆಯಲ್ಲಿ ಬಾಯಿಪಾಠ ನಡೆಯುವುದಿಲ್ಲ; ಕೊಟ್ಟ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿಯೇ ತೋರಿಸಬೇಕು. ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಎನ್‌ಪಿಟಿಇಎಲ್ ಪಾಠಗಳನ್ನು ಯಾರು ಬೇಕಾದರೂ ಉಚಿತವಾಗಿ ಕೇಳಬಹುದು. ಲಿನಕ್ಸ್ ಕಲಿಯಲು ಹಳೆಯ ಲ್ಯಾಪ್‌ಟಾಪ್ ಸಾಕು.

ಹಾಗೆಂದು ಗೇಟಿನಿಂದ ಒಂದೇ ಜಿಗಿತಕ್ಕೆ ದೊಡ್ಡ ಸಂಬಳ ಸಿಗದು. ಮೊದಲು ಕಂಪ್ಯೂಟರ್ ರಿಪೇರಿ, ಕೇಬಲ್ ಜೋಡಣೆ, ದೂರು ಸ್ವೀಕರಿಸುವ ಹೆಲ್ಪ್‌ಡೆಸ್ಕ್. ಆಮೇಲೆ ನೆಟ್‌ವರ್ಕ್, ಸರ್ವರ್. ಇದಕ್ಕೆ ವರ್ಷಗಳು ಹಿಡಿಯುತ್ತವೆ. ಆರು ತಿಂಗಳಲ್ಲಿ ಕೆಲಸ ಖಚಿತವೆಂದು ಲಕ್ಷಗಟ್ಟಲೆ ಕೇಳುವವರನ್ನು ನಂಬಬೇಡಿ. ಎಲ್ಲ ಕೆಲಸಕ್ಕೂ ಪದವಿ ಬೇಡವೆಂದೂ ನಾನು ಹೇಳುತ್ತಿಲ್ಲ. ಸೇತುವೆಯ ವಿನ್ಯಾಸಕ್ಕೆ ಸಹಿ ಹಾಕುವವನಿಗೆ ಕ್ರಮಬದ್ಧ ಓದು ಇರಲೇಬೇಕು. ಆದರೆ ಮಾಡಿಸಿ ನೋಡಬಹುದಾದ ಕೆಲಸಕ್ಕೂ ಕಾಗದವನ್ನೇ ಕೇಳುವುದು ಅನ್ಯಾಯ.

ಹನ್ನೆರಡು ಗಂಟೆಯ ಪಾಳಿ ಮುಗಿಸಿದವನಿಗೆ ಬುದ್ಧಿಯ ಕೊರತೆಯಿಲ್ಲ. ಕೊರತೆಯಿರುವುದು ಕೂತು ಕಲಿಯುವ ಜಾಗಕ್ಕೆ, ಕೇಳಿದರೆ ಹೇಳಿಕೊಡುವವರಿಗೆ, ಪರೀಕ್ಷಾ ಶುಲ್ಕಕ್ಕೆ. ಸಿಸಿಎನ್‌ಎಯಂಥ ಪರೀಕ್ಷೆಯ ಶುಲ್ಕ ಅವನ ತಿಂಗಳ ಸಂಬಳವನ್ನೇ ನುಂಗಬಹುದು. ನಮ್ಮ ಮಠಗಳು ನಡೆಸುವ ಕಾಲೇಜುಗಳಲ್ಲಿ ಕಂಪ್ಯೂಟರ್ ಲ್ಯಾಬುಗಳಿವೆ. ಸಂಜೆ ಬೀಗ ಬೀಳುವ ಕಡೆಗಳಲ್ಲಿ ಅವನ್ನು ಇನ್ನೆರಡು ಗಂಟೆ ತೆರೆದಿಡಿ. ಹೋಟೆಲ್ ಕೆಲಸದವರು, ಡೆಲಿವರಿ ಹುಡುಗರು, ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಯಾವ ಜಾತಿಯವರಾದರೂ ಬರಲಿ. ನನ್ನಂಥ ನಿವೃತ್ತರು ಗಣಿತವನ್ನೂ ಇಂಗ್ಲಿಷ್ ಕೈಪಿಡಿ ಓದುವುದನ್ನೂ ಕಲಿಸಬಹುದು. ವಾರಕ್ಕೆ ಎರಡು ಸಂಜೆ ಬರಲು ನಾನು ಸಿದ್ಧ. ಚೆನ್ನಾಗಿ ಕಲಿತವರ ಪರೀಕ್ಷಾ ಶುಲ್ಕವನ್ನು ಉಳ್ಳವರು ದಾಸೋಹವೆಂದು ಭರಿಸಲಿ.

ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ವೇದಿಕೆಯಲ್ಲಿ ಹೇಳುವ ನಾವು ನೇಮಕಾತಿ ಜಾಹೀರಾತಿನಲ್ಲಿ ಅದನ್ನು ಮರೆಯಬಾರದು. ನಮ್ಮ ಸಂಸ್ಥೆಗಳು ಮುಂದೆ ಲ್ಯಾಬ್ ಸಹಾಯಕನನ್ನೋ ನೆಟ್‌ವರ್ಕ್ ನೋಡಿಕೊಳ್ಳುವವನನ್ನೋ ಹುಡುಕುವಾಗ, ನಿಯಮ ಅವಕಾಶ ಕೊಡುವ ಕಡೆಯಲ್ಲೆಲ್ಲ ಅರ್ಧ ದಿನ ಕೆಲಸ ಮಾಡಿಸಿ ನೋಡಲಿ. ಅಂಕಪಟ್ಟಿಯನ್ನು ಆಮೇಲೆ ಕೇಳಿದರಾಯಿತು.