ಅಟ್ಟ ಬರಿದಾದ ಮನೆಗಳು

ಕಾರವಾರ ಮತ್ತು ಅಂಕೋಲೆಯ ಹಳೆಯ ಮನೆಗಳಲ್ಲಿ ಉಗ್ರಾಣವನ್ನು ಓರಣಗೊಳಿಸುವ ಕೆಲಸಕ್ಕೆ ನಿಶ್ಚಿತವಾದ ಕಾಲವೊಂದಿತ್ತು. ಮಾವು ಮುಗಿಯುತ್ತ ಬಂದು, ಪಡುವಣ ಗಾಳಿ ತೇವ ಹೊತ್ತು ಬೀಸತೊಡಗಿದಾಗ ಮನೆಯ ಹೆಂಗಸರು ಭರಣಿಗಳನ್ನೆಲ್ಲ ಅಂಗಳಕ್ಕೆ ತಂದು, ತೊಳೆದು, ಬಿಸಿಲಿಗೆ ಬೋರಲು ಹಾಕುತ್ತಿದ್ದರು. ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುವ ಈ ಕರಾವಳಿಯಲ್ಲಿ ಉಗ್ರಾಣವು ಅಲಂಕಾರದ ವಿಷಯವಾಗಿರಲಿಲ್ಲ. ಮೇ ತಿಂಗಳಲ್ಲಿ ಒಣಗದ ವಸ್ತು ಆಗಸ್ಟಿನಲ್ಲಿ ಊಟಕ್ಕೆ ಒದಗದೆಂಬ ಸರಳ ಲೆಕ್ಕದ ಮೇಲೆ ಅದು ನಿಂತಿತ್ತು.

ಇಂದು ಓರಣವೆಂದರೆ ಒಂದೇ ಅಳತೆಯ ಪ್ಲಾಸ್ಟಿಕ್ ಡಬ್ಬಿಗಳ ಸಾಲು ಮತ್ತು ಅವುಗಳ ಮೇಲಿನ ಹೆಸರಿನ ಚೀಟಿ. ಚೀಟಿ ಅಂಟಿಸುವುದರಲ್ಲಿ ತಪ್ಪೇನೂ ಇಲ್ಲ. ಗಾಳಿಯಾಡದ ಡಬ್ಬಿ ಚೆನ್ನಾಗಿ ಒಣಗಿದ ಕಾಳಿಗೆ ಒಳ್ಳೆಯದೇ. ಒಳಗಿನ ಆಮ್ಲಜನಕ ತೀರಿದಂತೆ ಹುಳುವೂ ಸಾಯುತ್ತದೆ. ಆದರೆ ಅರೆಒಣಗಿದ ಧಾನ್ಯವನ್ನು ಅದೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಳಗಿನ ತೇವ ಹೊರಹೋಗಲಾರದೆ ಬೂಸಲು ಹಿಡಿಯುತ್ತದೆ. ಡಬ್ಬಿಯ ಗುಣ ಅದಕ್ಕೂ ಮೊದಲಿನ ಬಿಸಿಲನ್ನು ಅವಲಂಬಿಸಿದೆ. ಬಿಸಿಲಿಗೆ ಅಂಗಳ ಬೇಕು.

ಹಳೆಯ ವ್ಯವಸ್ಥೆಯ ಕೇಂದ್ರ ಒಲೆಯಾಗಿತ್ತು. ಒಲೆಯ ಮೇಲಿನ ಅಟ್ಟಕ್ಕೆ ದಿನಕ್ಕೆರಡು ಹೊತ್ತು ಬಿಸಿಯೂ ಹೊಗೆಯೂ ತಾಗುತ್ತಿದ್ದುದರಿಂದ ಒಣಮೆಣಸು, ಬೇಳೆಕಾಳು, ಬುಟ್ಟಿಗಳೆಲ್ಲ ಅಲ್ಲಿ ಗರಿಗರಿಯಾಗಿ ಉಳಿಯುತ್ತಿದ್ದವು. ಒಣ ಶೆಟ್ಲಿ, ಉಪ್ಪು ಹಾಕಿ ಒಣಗಿಸಿದ ಬಂಗಡೆಗಳಿಗೆ ವಾಸನೆಯ ಕಾರಣದಿಂದ ಬೇರೆಯದೇ ಮೂಲೆ. ಮೊಗೆಕಾಯಿ ಮತ್ತು ಕುಂಬಳಗಳನ್ನು ಬಾಳೆನಾರಿನಲ್ಲಿ ಕಟ್ಟಿ, ಒಂದಕ್ಕೊಂದು ತಾಗದಂತೆ ತೊಲೆಗೆ ತೂಗಿಬಿಡುತ್ತಿದ್ದರು. ಒಂದು ಕೊಳೆತರೆ ಪಕ್ಕದ್ದಕ್ಕೆ ಹಬ್ಬಬಾರದೆಂಬುದೇ ಅದರ ಉದ್ದೇಶ. ಕೆಳಗೆ, ನೆಲದ ತೇವ ತಾಗದಂತೆ ಹಲಗೆಯ ಮೇಲೆ, ಹುಲ್ಲಿನ ಹಗ್ಗದಿಂದ ಬಿಗಿದ ಭತ್ತದ ಮುಡೆಗಳು. ಹುಲ್ಲು ಉಸಿರಾಡುತ್ತದೆ, ಒಳಗಿನ ಬೀಜ ಕಾಯುವುದಿಲ್ಲ, ಕೆಡುವುದಿಲ್ಲ. ಸೌತೆಯ ಬೀಜವನ್ನು ಸೆಗಣಿಯೊಡನೆ ಗೋಡೆಗೆ ಬಡಿದಿಟ್ಟರೆ ಇಲಿಯೂ ಮುಟ್ಟದು. ಉಗ್ರಾಣವು ತಿನ್ನುವ ದಾಸ್ತಾನಿನ ಜೊತೆಗೆ ಬಿತ್ತುವ ದಾಸ್ತಾನೂ ಆಗಿತ್ತೆಂಬುದನ್ನು ಡಬ್ಬಿಯ ಸಾಲು ಮರೆಸಿಬಿಡುತ್ತದೆ.

ಉಪ್ಪಿನ ಸ್ಥಾನ ಮಾತ್ರ ಎಲ್ಲಕ್ಕಿಂತ ಭಿನ್ನ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಮ್ ಲವಣವು ಗಾಳಿಯ ತೇವವನ್ನು ಹೀರಿ ನೀರೊಡೆಯುತ್ತದೆ. ಆದ್ದರಿಂದಲೇ ಅದಕ್ಕೆ ಮರದ ಮರಿಗೆ ಅಥವಾ ಮಣ್ಣಿನ ಪಾತ್ರೆ, ಅದೂ ಒಲೆಯ ಬಳಿ; ಲೋಹದ ಡಬ್ಬಿ ಸಲ್ಲದು. ಇದೇ ಉಪ್ಪಿಗಾಗಿ 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಕಾನೂನು ಮುರಿದರು. ಅಡುಗೆಮನೆಯ ಒಂದು ಮರಿಗೆಯು ರಾಜಕೀಯದ ವಿಷಯವಾಗಬಲ್ಲುದೆಂದು ಈ ತಾಲೂಕಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2006ರಿಂದ ಅಯೋಡಿನ್ ಬೆರೆಸದ ಉಪ್ಪನ್ನು ನೇರ ಸೇವನೆಗೆಂದು ಮಾರುವಂತಿಲ್ಲ. ಗಳಗಂಡವನ್ನು ತಡೆಯಲು ಅಯೋಡಿನ್ ಬೇಕೆಂಬುದು ನಿಜ. ಅಂಕೋಲೆಗೆ ಸಮೀಪದ ಸಾಣಿಕಟ್ಟಾದ ಆಗರಗಳಲ್ಲಿ ಇಂದಿಗೂ ಉಪ್ಪು ತೆಗೆಯುತ್ತಿರುವಾಗ, ಮನೆಮನೆಯ ಮರಿಗೆಯ ಸ್ಥಾನದಲ್ಲಿ ದೂರದ ರಾಜ್ಯದ ಪೊಟ್ಟಣ ಬಂದು ಕುಳಿತಿದೆಯೆಂಬುದೂ ಅಷ್ಟೇ ನಿಜ.

ಉಗ್ರಾಣ ಬರಿದಾದದ್ದು ಹೆಂಗಸರ ಸೋಮಾರಿತನದಿಂದ ಎಂಬ ಮಾತು ಆಗಾಗ ಕೇಳಿಬರುವುದುಂಟು. ಅದು ಅನ್ಯಾಯದ ಮಾತು. ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳ ಅಳಿವೆಯ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳುವ ಕಗ್ಗದಂಥ ಭತ್ತ ಬೆಳೆಯುತ್ತಿತ್ತು. ಕಟ್ಟೆಗಳು ಒಡೆದು, ಶೆಟ್ಲಿ ಸಾಕಣೆ ಹಬ್ಬಿ, ಬೇಸಾಯ ಹಿಂದೆ ಸರಿದ ಮೇಲೆ ಮುಡೆ ಕಟ್ಟಲು ಭತ್ತವೂ ಇಲ್ಲ, ಹುಲ್ಲೂ ಇಲ್ಲ, ಕೈಯೂ ಇಲ್ಲ. ಸೀಬರ್ಡ್ ನೌಕಾನೆಲೆಗೆ 1986ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾಯಿತು. 2005ರ ಮೇ 31ರಂದು ಕದಂಬ ನೆಲೆ ಕಾರ್ಯಾರಂಭ ಮಾಡಿತು. ಕಾರವಾರದಿಂದ ಅಂಕೋಲೆಯವರೆಗಿನ ತೀರದಲ್ಲಿ ಸುಮಾರು 11,000 ಎಕರೆ ಭೂಮಿ ಇದಕ್ಕಾಗಿ ಹೋಯಿತು. ಅರ್ಗಾ, ಚೆಂಡಿಯಾ, ಹಾರವಾಡದಂಥ ಊರುಗಳ ಸಾವಿರಾರು ಕುಟುಂಬಗಳು ಗದ್ದೆ, ತೋಟ, ದಂಡೆಗಳನ್ನು ಬಿಟ್ಟು ಪುನರ್ವಸತಿ ಕಾಲೊನಿಯ ನಿವೇಶನಗಳಿಗೆ ಬಂದವು. ಭೂಮಿಗೆ ಪರಿಹಾರದ ವಾದ ದಶಕಗಳ ಕಾಲ ನ್ಯಾಯಾಲಯಗಳಲ್ಲಿ ನಡೆಯಿತು. ಮೀನು ಒಣಗಿಸುವ ಮರಳಿಗೆ, ಹಪ್ಪಳ ಹರಡುವ ಅಂಗಳಕ್ಕೆ, ಮುರುಗಲು ಆರಿಸುತ್ತಿದ್ದ ಬೇಣಕ್ಕೆ ದರ ಕಟ್ಟುವವರಾರು? ಎಕರೆ ಎಣಿಸುವ, ಮರ ಎಣಿಸುವ, ಮನೆ ಎಣಿಸುವ ಯೋಜನಾ ವರದಿಗಳಲ್ಲಿ ಅಟ್ಟಕ್ಕೊಂದು ಕಲಮು ಕಾಣುವುದಿಲ್ಲ.

ಹೊಗೆಯ ವಿಷಯದಲ್ಲಿ ಪ್ರಾಮಾಣಿಕರಾಗಿರುವುದು ಒಳ್ಳೆಯದು. ಅಟ್ಟವನ್ನು ಒಣಗಿಸಿಟ್ಟ ಅದೇ ಹೊಗೆ ಮೂರು ತಲೆಮಾರಿನ ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳನ್ನು ಸುಟ್ಟಿತು. ಸೌದೆಯ ಹೊರೆ ಅವರ ಬೆನ್ನ ಮೇಲೆಯೇ ಘಟ್ಟದಿಂದ ಇಳಿಯಿತು. ಅಡುಗೆ ಅನಿಲವನ್ನು ಬಿಟ್ಟು ಒಲೆಗೆ ಮರಳಿರೆಂದು ಬೋಧಿಸುವವರು ಮೊದಲು ಒಂದು ಆಷಾಢವನ್ನು ಹಸಿ ಸೌದೆಯ ಮುಂದೆ ಕಳೆಯಲಿ. ಅನಿಲ ಬಂದದ್ದು ಸರಿ. ಅನಿಲದೊಡನೆ ಅಟ್ಟದ ಕೆಲಸವನ್ನು ಮಾಡುವ ಬೇರೊಂದು ಉಪಾಯ ಬರಲಿಲ್ಲ, ಅದರ ಬಗ್ಗೆ ಯಾವ ಇಲಾಖೆಯೂ ಚಿಂತಿಸಲಿಲ್ಲ, ದೂರಬೇಕಾದದ್ದು ಅದನ್ನು.

ಹಾಗೆಯೇ 2013ರಲ್ಲಿ ಬಂದ ಅನ್ನಭಾಗ್ಯದ ಅಕ್ಕಿಯನ್ನು ಹೀಗಳೆಯುವವರು ಹಸಿವನ್ನು ಕಂಡವರಲ್ಲ. ಪ್ರಶ್ನೆ ಇರುವುದು ಅಕ್ಕಿ ಬರುವ ದಾರಿಯ ಮೇಲೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು, ಜೀವಗಳು ಹೋದವು, ಗಂಗಾವಳಿಯ ಆಚೆ ದಡದ ಉಳುವರೆಯ ಮನೆಗಳ ಮೇಲೂ ನೀರು ಅಪ್ಪಳಿಸಿತು. ಇಪ್ಪತ್ತೆರಡು ದಿನಗಳ ಬಳಿಕ, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದೇ ಮಳೆಗಾಲದಲ್ಲಿ ದಕ್ಷಿಣದ ಹೆದ್ದಾರಿಯೂ ಉತ್ತರದ ಸೇತುವೆಯೂ ಕೈಕೊಟ್ಟ ಜಿಲ್ಲೆಯಲ್ಲಿ, ವಾರಕ್ಕೊಮ್ಮೆ ಅಂಗಡಿಯಿಂದ ತುಂಬುವ ಅಡುಗೆಮನೆ ಎಷ್ಟು ದಿನ ತಾಳಬಲ್ಲುದು? ಹಿಂದಿನವರು ಅಟ್ಟವನ್ನು ನಾಲ್ಕು ತಿಂಗಳಿಗೆಂದು ತುಂಬುತ್ತಿದ್ದುದಕ್ಕೆ ದಾರಿ ಕಡಿಯುವುದೇ ಮುಖ್ಯ ಕಾರಣವಾಗಿತ್ತು.

ಹಳೆಯದನ್ನು ಇದ್ದಂತೆಯೇ ಎತ್ತಿಕೊಂಡರೂ ಸಾಲದು. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ದಡದ ಮನೆಗಳಿಗೆ ನೆರೆ ನುಗ್ಗಿದಾಗ ನೆಲಮಟ್ಟದ ಚೀಲ, ಮುಡೆಗಳಿಗೆ ಉಳಿವಿರಲಿಲ್ಲ. ಅಣೆಕಟ್ಟೆಯ ಬಾಗಿಲು ತೆರೆದಾಗ ಏರುವ ನೀರು ಹಲಗೆಯ ಎತ್ತರವನ್ನು ನೋಡುವುದಿಲ್ಲ. ಇಂಥ ಊರುಗಳಲ್ಲಿ ಧಾನ್ಯವು ಆಳೆತ್ತರಕ್ಕಿಂತ ಮೇಲೆ ಇರತಕ್ಕದ್ದು. ಬಿತ್ತನೆ ಬೀಜದ ಒಂದು ಪಾಲು ಎತ್ತರದ ಊರಿನ ನೆಂಟರ ಮನೆಯಲ್ಲಿರುವುದು ಇನ್ನೂ ಕ್ಷೇಮ. ವಸತಿ ಯೋಜನೆಗಳ ನಕ್ಷೆಯಲ್ಲಿ ಅಡುಗೆಮನೆಯ ಮೇಲೊಂದು ಗಟ್ಟಿ ಅಟ್ಟ, ಮನೆಯ ಮುಂದೆ ಬಿಸಿಲು ಬೀಳುವ ಒಂದು ಚೌಕ ಅಂಗಳ ಕಡ್ಡಾಯವಾದರೆ ಅದಕ್ಕೆ ತಗಲುವ ಖರ್ಚು ದೊಡ್ಡದಲ್ಲ. ಮಳೆಗಾಲದಲ್ಲಿ ಸ್ವಸಹಾಯ ಸಂಘದ ಹೆಂಗಸರು ಸರದಿಯಲ್ಲಿ ಬಳಸಬಹುದಾದ ಒಂದು ಒಣಗಿಸುವ ಮನೆಯನ್ನು ಪಂಚಾಯಿತಿಯೇ ಕಟ್ಟಿಸಬಹುದು.

ಇದೆಲ್ಲದರ ನಡುವೆ ಮರಳು ದಂಡೆಯ ಮಾತು ಉಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವ 61 ದಿನ ಮೀನುಗಾರರ ಮನೆಗಳ ಸಾರಿಗೆ ಒದಗುವುದು ಒಣಮೀನು. ಅದು ಒಣಗುವುದು ದಂಡೆಯ ಮೇಲೆ. ಕಾರವಾರದ ಬಂದರು ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಮೀನುಗಾರ ಹೆಂಗಸರು ಬೀದಿಗಿಳಿದಾಗ, ಅಭಿವೃದ್ಧಿಗೆ ಅಡ್ಡಬಂದವರೆಂದು ಅವರನ್ನು ಜರೆಯುವುದು ಸುಲಭವಾಗಿತ್ತು. ಅಂಕೋಲೆಯ ಕೇಣಿಯಲ್ಲಿ ಈಗ ಮತ್ತೊಂದು ಬಂದರಿನ ಪ್ರಸ್ತಾಪ ಬಂದಿದೆ, ಅಲ್ಲಿಯೂ ವಿರೋಧ ಎದ್ದಿದೆ. ಅಧಿಕಾರಿಗಳು ಆ ದಂಡೆಯನ್ನು ಅಳೆಯಲು ಹೋಗುವುದಾದರೆ ಮೇ ತಿಂಗಳ ಮಧ್ಯಾಹ್ನದಲ್ಲಿ ಹೋಗಲಿ, ಹರಡಿದ ಮೀನನ್ನು ಮಗುಚುತ್ತಿರುವ ಹೆಂಗಸರ ಮನೆಯೊಳಗಿನ ಅಟ್ಟವನ್ನೂ ನೋಡಿ ಬರಲಿ.