ಗೃಹಕೃತ್ಯ: ಹೆಪ್ಪುಗಟ್ಟುವ ಚಳಿಯಲ್ಲಿ ಮನೆಯ ಕೊಳಾಯಿಗಳ ರಕ್ಷಣೆ

ನೀರಿಗೆ ಸಂಸ್ಕೃತದಲ್ಲಿ ‘ಜೀವನ’ವೆಂಬ ಹೆಸರೂ ಉಂಟು. ಆ ಜೀವನವನ್ನು ಅಡಿಗೆಮನೆಯವರೆಗೆ ತಂದುಕೊಡುವ ಕೊಳವೆಗಳ ಯೋಗಕ್ಷೇಮವನ್ನು ನಾವು ವಿಚಾರಿಸುವುದು ಅವು ಕೆಟ್ಟ ದಿನ ಮಾತ್ರವೇ. ನಮ್ಮ ನಾಡಿನಲ್ಲಿ ಇದರಿಂದ ದೊಡ್ಡ ಅನರ್ಥವೇನೂ ಒದಗುವುದಿಲ್ಲ. ಬೀದರದಲ್ಲಿ ಧನುರ್ಮಾಸದ ಚಳಿ ಎಷ್ಟು ಕೊರೆದರೂ ನಲ್ಲಿಯ ನೀರು ಕಲ್ಲಾಗುವುದಿಲ್ಲವಷ್ಟೆ. ಆದರೆ ವಾಚಕರಲ್ಲಿ ಅನೇಕರ ಮಕ್ಕಳು ಈಗ ಅಮೆರಿಕಾ, ಕೆನಡಾ ಮೊದಲಾದ ದೇಶಗಳಲ್ಲಿ ಸಂಸಾರ ಹೂಡಿರುವರು. ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ತಂದೆತಾಯಿಗಳು ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ನಿಲ್ಲುವರು. ಮಗನೂ ಸೊಸೆಯೂ ಕೆಲಸಕ್ಕೆ ಹೊರಟ ಮೇಲೆ ಆ ಮನೆಗೆ ದಿಕ್ಕು ಈ ಹಿರಿಯರೇ. ಆದಕಾರಣ ಹಿಮದ ಕಾಲದಲ್ಲಿ ಕೊಳಾಯಿಗಳನ್ನು ಕಾಪಾಡುವ ಬಗೆಯನ್ನು ಈ ಸಲ ವಿವರಿಸುವೆನು.

ಮೊದಲು ಕಾರಣವನ್ನು ತಿಳಿಯೋಣ. ಸಾಮಾನ್ಯವಾಗಿ ಪದಾರ್ಥಗಳು ತಣಿದಷ್ಟೂ ಕುಗ್ಗುವುವು. ನೀರು ೪ ಡಿಗ್ರಿ ಸೆಂಟಿಗ್ರೇಡಿನವರೆಗೆ ಈ ನಿಯಮವನ್ನು ಅನುಸರಿಸಿ, ಅಲ್ಲಿಂದ ಕೆಳಕ್ಕೆ ತಣಿದಂತೆಲ್ಲ ಹಿಗ್ಗತೊಡಗುತ್ತದೆ. ಹೆಪ್ಪುಗಟ್ಟುವಾಗ ಅದರ ಗಾತ್ರವು ನೂರಕ್ಕೆ ಸುಮಾರು ೯ರಷ್ಟು ಹೆಚ್ಚುತ್ತದೆ. ಗಡ್ಡೆಯು ಬೆಳೆಯುತ್ತ ತನ್ನ ಮುಂದಿರುವ ನೀರನ್ನು ನಲ್ಲಿಯ ಕಡೆಗೆ ದೂಡುತ್ತದೆ. ನಲ್ಲಿಯು ಮುಚ್ಚಿದ್ದರೆ ನಡುವೆ ಸಿಕ್ಕಿದ ನೀರಿಗೆ ಹೋಗಲು ಎಡೆಯಿಲ್ಲ. ಒತ್ತಡವು ಮಿತಿಮೀರಿ ಕೊಳವೆಯು ಬಿರಿಯುತ್ತದೆ. ಆದುದರಿಂದ ಬಿರುಕು ಗಡ್ಡೆಯಿರುವ ಸ್ಥಳದಲ್ಲಿಯೇ ಕಾಣಬೇಕೆಂಬ ನಿಯಮವಿಲ್ಲ. ಇನ್ನೊಂದು ವಿಷಯವನ್ನೂ ನೆನಪಿಡತಕ್ಕದ್ದು. ಅನೇಕ ವೇಳೆ ಕೊಳವೆ ಬಿರಿದುದು ಒಡನೆಯೇ ತಿಳಿಯುವುದಿಲ್ಲ. ಗಡ್ಡೆಯೇ ಬಿರಡೆಯಂತೆ ನೀರನ್ನು ತಡೆದಿರುತ್ತದೆ. ಚಳಿ ಇಳಿದು ಗಡ್ಡೆ ಕರಗಿದಾಗ ನೀರು ಗೋಡೆಯೊಳಗಿಂದಲೂ ಅಟ್ಟದಿಂದಲೂ ಧುಮ್ಮಿಕ್ಕುವುದು. ಚಳಿ ಹೋಯಿತೆಂದು ನಿಶ್ಚಿಂತರಾಗುವ ಹೊತ್ತೇ ಹೆಚ್ಚು ಎಚ್ಚರದಿಂದಿರಬೇಕಾದ ಹೊತ್ತು.

ಎಷ್ಟು ಚಳಿಗೆ ಅಂಜಬೇಕು? ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧಕರು ಪರೀಕ್ಷೆಗಳನ್ನು ನಡೆಸಿ, ಹೊದಿಕೆಯಿಲ್ಲದ ಕೊಳವೆಗಳ ವಿಷಯದಲ್ಲಿ, ಹೊರಗಿನ ಉಷ್ಣತೆಯು ೨೦ ಡಿಗ್ರಿ ಫ್ಯಾರನ್‌ಹೀಟಿಗೆ, ಎಂದರೆ ಸೊನ್ನೆಯ ಕೆಳಗೆ ಸುಮಾರು ೭ ಡಿಗ್ರಿ ಸೆಂಟಿಗ್ರೇಡಿಗೆ ಇಳಿದಾಗ ಎಚ್ಚತ್ತುಕೊಳ್ಳಬೇಕೆಂದು ತಿಳಿಸಿರುವರು. ಬಡಗಣ ಪ್ರಾಂತಗಳಲ್ಲಿ ಕೊಳವೆಗಳನ್ನು ಆಳದಲ್ಲಿ ಹೂಳಿ, ಮನೆಯ ಬೆಚ್ಚಗಿನ ಭಾಗದಲ್ಲಿಯೇ ಹಾಯಿಸಿರುವರು. ಟೆಕ್ಸಾಸಿನಂಥ ಬಿಸಿಲು ಸೀಮೆಯಲ್ಲಿ ಹಾಗಲ್ಲ. ಅಲ್ಲಿಯ ಎಷ್ಟೋ ಮನೆಗಳಲ್ಲಿ ಅವು ಅಟ್ಟದ ಮೇಲೆ ಅಥವಾ ಹೊರಗೋಡೆಯಲ್ಲಿ ಹಾಯ್ದಿರುತ್ತವೆ. ೨೦೨೧ನೆಯ ಇಸವಿಯ ಫೆಬ್ರವರಿಯಲ್ಲಿ ಆ ರಾಜ್ಯಕ್ಕೆ ಒದಗಿದ ವಿಪತ್ತಿಗೆ ಇದೂ ಒಂದು ಕಾರಣ. ೧೬ನೆಯ ತಾರೀಖು ಡಲ್ಲಾಸಿನಲ್ಲಿ ಉಷ್ಣತೆಯು ಸೊನ್ನೆಯ ಕೆಳಗೆ ೧೯ ಡಿಗ್ರಿ ಸೆಂಟಿಗ್ರೇಡಿನವರೆಗೆ ಇಳಿಯಿತು. ರಾಜ್ಯದಲ್ಲಿ ೪೦ ಲಕ್ಷಕ್ಕೂ ಮೀರಿದ ಮನೆ, ಕಛೇರಿಗಳಿಗೆ ವಿದ್ಯುಚ್ಛಕ್ತಿ ತಪ್ಪಿತು. ಮನೆಮನೆಗಳಲ್ಲಿ ಕೊಳವೆಗಳು ಒಡೆದುವು. ಆ ಹಿಮಪಾತದಿಂದ ೨೪೬ ಮಂದಿ ಮಡಿದರೆಂದು ರಾಜ್ಯದ ಆರೋಗ್ಯ ಇಲಾಖೆಯು ಲೆಕ್ಕ ಕೊಟ್ಟಿತು. ನಮ್ಮ ಕನ್ನಡಿಗರ ಸಂಸಾರಗಳು ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಪಟ್ಟಣಗಳಲ್ಲಿ ಬಹಳವಾಗಿರುವುದರಿಂದ ಇದು ನಮಗೆ ದೂರದ ಸುದ್ದಿಯಲ್ಲ.

ಚಳಿಗಾಲಕ್ಕೆ ಮುಂಚೆ ಮಾಡತಕ್ಕ ಕೆಲಸಗಳು ಸುಲಭವಾದುವು. ಎಲ್ಲಕ್ಕಿಂತ ಮೊದಲು, ಇಡೀ ಮನೆಯ ನೀರನ್ನು ನಿಲ್ಲಿಸುವ ಮುಖ್ಯ ವಾಲ್ವು ಎಲ್ಲಿದೆಯೆಂದು ಮನೆಯವರೆಲ್ಲರೂ ಕಣ್ಣಾರೆ ಕಂಡಿರತಕ್ಕದ್ದು. ಕೆಲವು ಮನೆಗಳಲ್ಲಿ ಅದು ಗೋಡೆಯ ಬಳಿ, ಕೆಲವದರಲ್ಲಿ ಮೋಟಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ, ಮತ್ತೆ ಕೆಲವದರಲ್ಲಿ ಬೀದಿಯ ಬದಿಯ ಮುಚ್ಚಳವುಳ್ಳ ಪೆಟ್ಟಿಗೆಯೊಳಗೆ ಇರುತ್ತದೆ. ಅದನ್ನು ತಿರುಗಿಸಲು ಸಲಕರಣೆ ಬೇಕಾದರೆ ಅದನ್ನೂ ಕೈಗೆಟಕುವಲ್ಲಿ ಇಟ್ಟಿರಬೇಕು. ಎರಡನೆಯದಾಗಿ, ತೋಟದ ನಲ್ಲಿಗೆ ಸಿಕ್ಕಿಸಿದ ರಬ್ಬರು ಕೊಳವೆಯನ್ನು ಬಿಚ್ಚಿಟ್ಟು, ಆ ನಲ್ಲಿಗೆ ಒಳಗಡೆ ಬೇರೆ ವಾಲ್ವು ಇದ್ದರೆ ಅದನ್ನು ಮುಚ್ಚಿ, ಉಳಿದ ನೀರನ್ನು ಹೊರಕ್ಕೆ ಬಿಟ್ಟುಬಿಡಬೇಕು. ಮೂರನೆಯದಾಗಿ, ಅಟ್ಟದಲ್ಲಿಯೂ ನೆಲದಡಿಯಲ್ಲಿಯೂ ಬೆತ್ತಲೆಯಾಗಿರುವ ಕೊಳವೆಗಳಿಗೆ ಅಂಗಡಿಯಲ್ಲಿ ದೊರೆಯುವ ಸ್ಪಂಜಿನಂಥ ಹೊದಿಕೆಯನ್ನು ತೊಡಿಸಬೇಕು. ಹೊದಿಕೆಯು ಶಾಖವನ್ನು ಹುಟ್ಟಿಸಲಾರದು. ಇರುವ ಶಾಖವು ಬೇಗನೆ ಸೋರದಂತೆ ತಡೆಯುವುದು ಮಾತ್ರ. ಕೊಳವೆಯ ಬಳಿ ಗೋಡೆಯಲ್ಲಿ ಸಂದುಗಳಿದ್ದರೆ ಅವನ್ನೂ ಮುಚ್ಚಬೇಕು. ಸಣ್ಣ ಕಂಡಿಯಿಂದ ನುಗ್ಗುವ ಗಾಳಿಯೇ ಎಷ್ಟೋ ವೇಳೆ ಕೊಳವೆಯನ್ನು ಹೆಪ್ಪುಗಟ್ಟಿಸುತ್ತದೆ.

ಕಡುಚಳಿಯ ರಾತ್ರಿ ಬಂದಾಗ, ಪಾತ್ರೆ ತೊಳೆಯುವ ಸಿಂಕಿನ ಕೆಳಗಿರುವ ಬೀರುವಿನ ಬಾಗಿಲುಗಳನ್ನು ತೆರೆದಿಟ್ಟು, ಮನೆಯ ಬೆಚ್ಚಗಿನ ಗಾಳಿಯು ಕೊಳವೆಗೆ ತಗಲುವಂತೆ ಮಾಡಬೇಕು. ಅಲ್ಲಿಟ್ಟ ಸಾಬೂನು, ಔಷಧಗಳು ಮಕ್ಕಳ ಕೈಗೆ ಸಿಕ್ಕದಂತೆ ತೆಗೆದಿಡಬೇಕು. ಖರ್ಚು ಉಳಿಯಲೆಂದು ರಾತ್ರಿ ಮನೆಯ ಶಾಖವನ್ನು ತಗ್ಗಿಸಕೂಡದು. ಹೊರಗೋಡೆಯ ಕಡೆಯ ನಲ್ಲಿಗಳಲ್ಲಿ ತಣ್ಣೀರನ್ನೂ ಬಿಸಿನೀರನ್ನೂ ತೊಟ್ಟುತೊಟ್ಟಾಗಿ ಬಿಟ್ಟಿರಬೇಕು.

ಈ ಕೊನೆಯ ವಿಷಯದಲ್ಲಿ ನಮ್ಮ ಹಿರಿಯರಿಗೆ ವಿಶೇಷವಾಗಿ ಹೇಳಬೇಕಾದುದುಂಟು. ನೀರಿನ ಬರವನ್ನು ಕಂಡು ಬಾಳಿದ ನಮಗೆ ನಲ್ಲಿ ತೊಟ್ಟಿಕ್ಕುವ ಸದ್ದು ಸಹಿಸದು. ಮಗನು ಬೇಕೆಂದೇ ಬಿಟ್ಟಿದ್ದ ನಲ್ಲಿಯನ್ನು ಅಜ್ಜಿಯು ನಡುರಾತ್ರಿ ಎದ್ದು ಬಿಗಿಯಾಗಿ ಮುಚ್ಚಿಬರುವುದು ಅಸಂಭವವಲ್ಲ. ಆ ತೊಟ್ಟು ಪೋಲಲ್ಲ; ಗಡ್ಡೆಗೂ ನಲ್ಲಿಗೂ ನಡುವೆ ಸಿಕ್ಕಿದ ನೀರಿಗೆ ಅದೇ ದಾರಿ. ಕೆಳಗೆ ಒಂದು ಪಾತ್ರೆಯನ್ನಿಟ್ಟರೆ ನೀರೂ ಉಳಿಯಿತು, ಕೊಳವೆಯೂ ಉಳಿಯಿತು. ಆದರೆ ಧಾರೆಯಾಗಿ ಬಿಡುವುದು ಸಲ್ಲದು. ಊರಿನವರೆಲ್ಲರೂ ಹಾಗೆ ಮಾಡಿದರೆ ನಗರದ ನೀರಿನ ಒತ್ತಡವೇ ಕುಗ್ಗುವುದು.

ಬೆಳಗ್ಗೆ ನಲ್ಲಿಯಲ್ಲಿ ನೀರು ಬಾರದಿದ್ದರೆ ಕೊಳವೆಯು ಹೆಪ್ಪುಗಟ್ಟಿರಬಹುದೆಂದು ಊಹಿಸಬೇಕು. ಆಗ ನಲ್ಲಿಯನ್ನು ತೆರೆದಿಟ್ಟು, ನಲ್ಲಿಯ ಕಡೆಯಿಂದ ಆರಂಭಿಸಿ ಹಿಂದಕ್ಕೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದಾಗಲಿ ಕೂದಲು ಒಣಗಿಸುವ ಯಂತ್ರದಿಂದಾಗಲಿ ಮೆಲ್ಲಗೆ ಶಾಖ ಕೊಡಬೇಕು. ನೀರು ನಿಂತಿರುವಲ್ಲಿ ವಿದ್ಯುತ್ ಯಂತ್ರವನ್ನು ಮುಟ್ಟಕೂಡದು. ಉರಿಯನ್ನು ಹಿಡಿಯುವುದಂತೂ ಸರ್ವಥಾ ಕೂಡದು. ಅಲ್ಲಿಯ ಮನೆಗಳಲ್ಲಿ ಗೋಡೆಯೊಳಗಣ ಕಟ್ಟು ಬಹುಮಟ್ಟಿಗೆ ಮರದ್ದು. ಕೊಳವೆಯು ಒಡೆದೇ ಹೋದರೆ ಮೊದಲು ಮುಖ್ಯ ವಾಲ್ವನ್ನು ಮುಚ್ಚಿ, ಬಳಿಕ ನಲ್ಲಿಗಳನ್ನು ತೆರೆದು ಉಳಿದ ನೀರನ್ನು ಹರಿಯಬಿಟ್ಟು, ಆಮೇಲೆ ಮಗನಿಗೂ ಕೊಳಾಯಿ ಕೆಲಸದವನಿಗೂ ಸುದ್ದಿ ಮುಟ್ಟಿಸಬೇಕು. ಮಗನನ್ನು ಕೇಳಿ ವಾಲ್ವು ಮುಚ್ಚೋಣವೆಂದು ಕಾದರೆ ಅಷ್ಟರಲ್ಲಿ ಛಾವಣಿಯ ಹಲಗೆಗಳು ನೆನೆದು ಕುಸಿಯಬಹುದು.

ವಿದ್ಯುಚ್ಛಕ್ತಿಯು ತಪ್ಪಿ ಮನೆಯೇ ತಣ್ಣಗಾಗತೊಡಗಿದರೆ, ಕುಡಿಯುವುದಕ್ಕೂ ಅಡಿಗೆಗೂ ಪಾತ್ರೆಗಳಲ್ಲಿ ನೀರು ತುಂಬಿಕೊಂಡು, ನೀರು ಕಾಯಿಸುವ ಯಂತ್ರವನ್ನು ಆರಿಸಿ, ಮುಖ್ಯ ವಾಲ್ವನ್ನು ಮುಚ್ಚಿ ಕೊಳವೆಗಳನ್ನು ಬರಿದು ಮಾಡುವುದು ಮೇಲು. ಇಂಥ ಸಮಯದಲ್ಲಿ ಅಗ್ಗಿಷ್ಟಿಕೆಯ ನೆನಪಾಗುವುದು ಸಹಜ. ಆದರೆ ಇದ್ದಲಿನ ಒಲೆಯನ್ನು ಒಳಗೆ ಹೊತ್ತಿಸುವುದೂ, ಕೊಟ್ಟಿಗೆಯಲ್ಲಿ ಮೋಟಾರನ್ನು ನಡೆಯಿಸಿ ಅದರೊಳಗೆ ಕುಳಿತುಕೊಳ್ಳುವುದೂ ಪ್ರಾಣಾಂತಿಕವಾದುವು. ಅಲ್ಲಿಯ ಮನೆಗಳು ಗಾಳಿಯಾಡದಂತೆ ಬಿಗಿಯಾಗಿ ಕಟ್ಟಲ್ಪಟ್ಟಿರುತ್ತವೆ. ಉರಿಯಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ೨೦೨೧ರಲ್ಲಿ ಟೆಕ್ಸಾಸಿನಲ್ಲಿ ಹಲವರು ಹೀಗೆಯೇ ಸತ್ತರು. ಎಲ್ಲರೂ ಒಂದೇ ಕೋಣೆಯಲ್ಲಿ ಸೇರಿ ಕಂಬಳಿ ಹೊದ್ದಿರುವುದು, ಇಲ್ಲವೆ ಶಾಖವಿರುವ ನೆರೆಮನೆಗೆ ಹೋಗುವುದು ಕ್ಷೇಮಕರ.

ಚಳಿಗಾಲದಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಬರುವವರು ಶಾಖವನ್ನು ೧೩ ಡಿಗ್ರಿ ಸೆಂಟಿಗ್ರೇಡಿಗೆ (ಅಲ್ಲಿಯ ಲೆಕ್ಕದಲ್ಲಿ ೫೫ ಡಿಗ್ರಿ) ಕಡಿಮೆಯಾಗದಂತೆ ಇರಿಸಿ, ಮುಖ್ಯ ವಾಲ್ವನ್ನು ಮುಚ್ಚಿ, ನಲ್ಲಿಗಳನ್ನು ತೆರೆದು ಬರಿದು ಮಾಡಿ, ನೆರೆಯವರೊಬ್ಬರಿಗೆ ಬೀಗದ ಕೈ ಕೊಟ್ಟು ಬರತಕ್ಕದ್ದು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಮಾತು ಹಿಮಕ್ಕೂ ಸಲ್ಲುತ್ತದೆ. ಶೀತದೇಶದಲ್ಲಿ ಮಕ್ಕಳಿರುವ ವಾಚಕರು ಮುಂದಿನ ಸಲ ಮಾತನಾಡುವಾಗ, “ಊಟವಾಯಿತೆ?” ಎಂದು ಕೇಳಿದ ಮೇಲೆ, “ನಿಮ್ಮ ಮನೆಯ ನೀರಿನ ವಾಲ್ವು ಎಲ್ಲಿದೆ?” ಎಂಬುದನ್ನೂ ಕೇಳಲಿ. ಉತ್ತರವು ಕೂಡಲೆ ಬಾರದಿದ್ದರೆ ಅಂದೇ ಹುಡುಕಿಸುವುದು ಲೇಸು.