ಎಐಗೆ ಖಾತೆಗಳ ಪಟ್ಟಿ ಕೊಡಬಹುದೇ?

ನಮ್ಮ ಕಂಪ್ಯೂಟರಿನಲ್ಲಿ ಯಾವ ಯಾವ ಇಮೇಲ್ ಖಾತೆಗಳಿವೆ, ಯಾವ ಯಾವ ಕ್ಯಾಲೆಂಡರ್‌ಗಳಿವೆ ಎಂಬುದನ್ನು ಎಐ ಸಹಾಯಕನಿಗೆ ತಿಳಿಸುವ ಪುಟ್ಟ ತಂತ್ರಾಂಶಗಳು ಈಗ ಬರುತ್ತಿವೆ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ (ಎಂಸಿಪಿ) ಎಂಬ ಮುಕ್ತ ಮಾನದಂಡವನ್ನು ಹೊರತಂದ ಮೇಲೆ ಇಂಥವನ್ನು ಬರೆಯುವುದು ಸುಲಭವಾಯಿತು. ಮರುವರ್ಷ ಓಪನ್‌ಎಐ ಕೂಡ ಅದನ್ನೇ ಒಪ್ಪಿಕೊಂಡಿತು. ಪತ್ರ ಓದುವುದಿಲ್ಲ, ಕಳಿಸುವುದಿಲ್ಲ, ಬರೀ ಪಟ್ಟಿ ತಾನೇ ಎನ್ನುವವರಿದ್ದಾರೆ. ಅಷ್ಟನ್ನೂ ಕೊಡಬಾರದು ಎನ್ನುವವರೂ ಇದ್ದಾರೆ. ಎರಡೂ ಕಡೆ ಹುರುಳಿದೆ.

ಒಂದೇ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಎಕ್ಸ್‌ಚೇಂಜ್, ಸ್ವಂತ ಜಿಮೇಲ್, ಅಪಾರ್ಟ್‌ಮೆಂಟ್ ಸಂಘದ ಖಾತೆ ಮೂರೂ ಇರುವುದು ಈಗ ಮಾಮೂಲು. ‘ನಾಳೆ ಹನ್ನೊಂದಕ್ಕೆ ಮೀಟಿಂಗ್ ಹಾಕು’ ಎಂದರೆ ಸಹಾಯಕ ಯಾವ ಕ್ಯಾಲೆಂಡರಿಗೆ ಹಾಕಬೇಕು? ಪಟ್ಟಿ ಗೊತ್ತಿಲ್ಲದಿದ್ದರೆ ಅದು ಊಹಿಸುತ್ತದೆ. ಊಹೆ ತಪ್ಪಿದರೆ ರಜೆಯ ಅರ್ಜಿ ಸಂಘದ ವಿಳಾಸದಿಂದ ಹೋಗುತ್ತದೆ. ಪಟ್ಟಿ ಕಂಡರೆ ‘ಯಾವ ಖಾತೆಯಿಂದ?’ ಎಂದು ತಿರುಗಿ ಕೇಳಬಲ್ಲದು. ಕಣ್ಣು ಮಂಜಾದವರಿಗೆ, ಮೆನುಗಳಲ್ಲಿ ತಡಕಾಡಲಾಗದವರಿಗೆ ಇದು ದೊಡ್ಡ ಅನುಕೂಲ.

ಇನ್ನೊಂದು ಲಾಭ ಹೊರಗೆ ಕಾಣುವುದಿಲ್ಲ. ಮ್ಯಾಕ್‌ನಲ್ಲಿ ಇಂಥ ತಂತ್ರಾಂಶ ಆಪಲ್‌ಸ್ಕ್ರಿಪ್ಟ್ ಮೂಲಕ ಮೇಲ್ ಆಪನ್ನೇ ಕೇಳಬಹುದು. ಲಿನಕ್ಸ್‌ನಲ್ಲಿ ಗ್ನೋಮ್‌ನ ಆನ್‌ಲೈನ್ ಅಕೌಂಟ್ಸ್ ವ್ಯವಸ್ಥೆಯನ್ನು ಕೇಳಬಹುದು. ಅಲ್ಲಿ ಮೊದಲೇ ಲಾಗಿನ್ ಆಗಿರುವುದರಿಂದ ಪಾಸ್‌ವರ್ಡನ್ನು ಎಐಗೆ ಕೊಡುವ ಪ್ರಮೇಯವೇ ಇಲ್ಲ. ಯಾವುದೋ ಮೂರನೆಯ ಸೇವೆಗೆ ಇಡೀ ಮೇಲ್‌ಬಾಕ್ಸಿನ ಅನುಮತಿ ಕೊಟ್ಟು ಕೂರುವುದಕ್ಕಿಂತ ಇದು ವಾಸಿ.

ಆದರೆ ಪಟ್ಟಿಯೇ ಬಹಳಷ್ಟು ಹೇಳಿಬಿಡುತ್ತದೆ. ವಿಳಾಸದ ಕೊನೆಯ ತುಂಡಿನಿಂದ ಎಲ್ಲಿ ಕೆಲಸ ಎಂಬುದು ಗೊತ್ತಾಗುತ್ತದೆ. ಕ್ಯಾಲೆಂಡರ್‌ಗಳಿಗೆ ಜನ ಇಡುವ ಹೆಸರುಗಳನ್ನು ನೋಡಿ: ‘ಅಮ್ಮನ ಡಯಾಲಿಸಿಸ್’, ‘ಮಗಳ ಟ್ಯೂಷನ್’, ‘ಹೊಸ ಕೆಲಸದ ಇಂಟರ್‌ವ್ಯೂ’. ಒಳಗಿನ ಒಂದು ನಮೂದನ್ನೂ ತೆರೆಯದೆ ಮನೆಯ ಸಂಗತಿ ಹೊರಬಿತ್ತು. ತಂತ್ರಾಂಶ ನಮ್ಮ ಯಂತ್ರದಲ್ಲೇ ಓಡುತ್ತದೆ, ನಿಜ. ಆದರೆ ಎಐ ಮಾದರಿ ಕ್ಲೌಡಿನಲ್ಲಿದ್ದರೆ ತಂತ್ರಾಂಶ ತಂದ ಉತ್ತರ ಆ ಎಐ ಕಂಪನಿಯ ಸರ್ವರಿಗೆ ಹೋಗಿಯೇ ಹೋಗುತ್ತದೆ. ‘ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲೇ’ ಎಂಬ ಜಾಹೀರಾತು ಈ ಮಾತನ್ನು ನುಂಗಿಬಿಡುತ್ತದೆ.

ನನಗೆ ಹೆಚ್ಚು ಕಳವಳ ತರುವುದು ಅನುಮತಿಯ ವಿಚಾರ. ಮ್ಯಾಕ್‌ನ 2023ರ ಸೊನೋಮಾ ಆವೃತ್ತಿಯಲ್ಲಿ ಆಪಲ್ ಕ್ಯಾಲೆಂಡರ್ ಅನುಮತಿಯನ್ನು ಎರಡಾಗಿ ಒಡೆಯಿತು: ಹೊಸ ನಮೂದು ಸೇರಿಸಲು ಮಾತ್ರ, ಇಲ್ಲವೇ ಪೂರ್ತಿ. ಮೊದಲನೆಯದರಲ್ಲಿ ಕ್ಯಾಲೆಂಡರ್‌ಗಳ ಹೆಸರು ಕಾಣಿಸುವುದಿಲ್ಲ. ಹಾಗಾಗಿ ಈ ಅನುಮತಿಯ ದಾರಿಯಲ್ಲಿ ಬರೀ ಪಟ್ಟಿ ತೋರಿಸುವ ತಂತ್ರಾಂಶವೂ ಪೂರ್ತಿ ಅನುಮತಿ ಕೇಳಬೇಕು. ಮಿಕ್ಕಿದ್ದನ್ನು ಮುಟ್ಟುವುದಿಲ್ಲ ಎಂಬುದು ಅದನ್ನು ಬರೆದವರ ಮಾತಷ್ಟೇ. ಟರ್ಮಿನಲ್‌ನಿಂದ ಓಡಿಸಿದರಂತೂ ‘ಓಕೆ’ ಒತ್ತಿದ ಅನುಮತಿ ಟರ್ಮಿನಲ್ ಹೆಸರಿಗೇ ದಾಖಲಾಗುತ್ತದೆ. ನಾಳೆ ಅಲ್ಲಿಂದಲೇ ಓಡುವ ಬೇರೊಂದು ತಂತ್ರಾಂಶಕ್ಕೂ ಅದೇ ಬಾಗಿಲು ತೆರೆದಿರುತ್ತದೆ.

ನಂಬಿಕೆ ಕೆಟ್ಟ ಉದಾಹರಣೆ ಕಣ್ಣಮುಂದಿದೆ. ಪೋಸ್ಟ್‌ಮಾರ್ಕ್ ಎಂಬ ಮೇಲ್ ಸೇವೆಯ ಹೆಸರು ಹೊತ್ತ, ಆದರೆ ಆ ಕಂಪನಿಗೆ ಸೇರದ ಒಂದು ಎಂಸಿಪಿ ಪ್ಯಾಕೇಜ್ ಹಲವು ಆವೃತ್ತಿಗಳವರೆಗೆ ಸರಿಯಾಗಿಯೇ ಇತ್ತು. ಆಮೇಲೆ ಬಂದ ಆವೃತ್ತಿಯಲ್ಲಿ ಸೇರಿಕೊಂಡ ಒಂದು ಸಾಲು, ಕಳಿಸಿದ ಪ್ರತಿ ಪತ್ರದ ಗುಪ್ತ ಪ್ರತಿಯನ್ನು ಬೇರೆಯವರಿಗೆ ರವಾನಿಸುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದು ಬಯಲಾಯಿತು. ಅದಕ್ಕೂ ಮುಂಚೆ, ಆಗಸ್ಟ್‌ನಲ್ಲಿ, ಕ್ಯಾಲೆಂಡರ್ ಆಹ್ವಾನದ ಶೀರ್ಷಿಕೆಯಲ್ಲಿ ಆಜ್ಞೆ ಅಡಗಿಸಿಟ್ಟು ಗೂಗಲ್‌ನ ಜೆಮಿನಿಯನ್ನು ದಾರಿ ತಪ್ಪಿಸಬಹುದೆಂದು ಸಂಶೋಧಕರು ತೋರಿಸಿದ್ದರು. ಹಂಚಿಕೊಂಡ ಕ್ಯಾಲೆಂಡರಿನ ಹೆಸರನ್ನೂ ಬೇರೆಯವರೇ ಇಟ್ಟಿರಬಹುದು ಎಂಬುದನ್ನು ಇಲ್ಲಿ ನೆನೆಯಬೇಕು.

ಇಷ್ಟಾದರೂ ನಾನು ಪಟ್ಟಿಯ ಪರವಾಗಿಯೇ ಇದ್ದೇನೆ. ಖಾತೆ ಯಾವುದೆಂದು ತಿಳಿಯದ ಸಹಾಯಕ ತಪ್ಪು ಖಾತೆಯಲ್ಲಿ ಕೈಯಾಡಿಸುವುದು ಹೆಚ್ಚು ಅಪಾಯ. ತಂತ್ರಾಂಶದ ಕೋಡ್ ಮುಕ್ತವಾಗಿರಲಿ, ಆವೃತ್ತಿ ತಾನಾಗಿ ಬದಲಾಗದಂತೆ ಕಟ್ಟಿಹಾಕಿರಲಿ, ಪೂರ್ತಿ ವಿಳಾಸದ ಬದಲು ಖಾತೆಗೆ ನಾವಿಟ್ಟ ಹೆಸರನ್ನಷ್ಟೇ ಕೊಡಲಿ. ಪತ್ರ ಓದುವ ಮತ್ತು ಕಳಿಸುವ ಅಧಿಕಾರ ಇದರ ಜೊತೆಗೇ ಗಂಟುಬಿದ್ದು ಬಂದರೆ ಬೇಡವೇ ಬೇಡ.

ಆಫೀಸಿನ ಖಾತೆಯ ಮಾತು ಬೇರೆ. ಅದರಲ್ಲಿ ಸಹೋದ್ಯೋಗಿಗಳ, ಗ್ರಾಹಕರ ಕ್ಯಾಲೆಂಡರ್‌ಗಳೂ ಸೇರಿರಬಹುದು. ಅವರು ಯಾರೂ ಒಪ್ಪಿಗೆ ಕೊಟ್ಟಿಲ್ಲ. ಅದನ್ನು ತೋರಿಸುವ ಮೊದಲು ಐಟಿ ವಿಭಾಗವನ್ನು ಕೇಳಲೇಬೇಕು. ಸ್ವಂತ ಲ್ಯಾಪ್‌ಟಾಪಿನಲ್ಲಿ ಆಫೀಸಿನದೂ ಮನೆಯದೂ ಬೆರೆತಿದ್ದರೆ ಸಹಾಯಕನಿಗೆಂದೇ ಬೇರೊಂದು ಯೂಸರ್ ಲಾಗಿನ್ ತೆರೆದು, ಮನೆಯ ಖಾತೆಗಳನ್ನು ಮಾತ್ರ ಅದರಲ್ಲಿ ಸೇರಿಸಬಹುದು. ಮೇಲ್ ಮತ್ತು ಕ್ಯಾಲೆಂಡರ್ ಸೆಟಿಂಗ್‌ಗಳು ಪ್ರತಿ ಲಾಗಿನ್ನಿಗೂ ಪ್ರತ್ಯೇಕವಾದ್ದರಿಂದ ಅಲ್ಲಿ ಕೇಳಿದ ಪಟ್ಟಿಯಲ್ಲಿ ಆಫೀಸಿನ ಹೆಸರು ಬರುವುದಿಲ್ಲ.